ರೈನ್ ಕಣಿವೆಯ ಸುಂಕದ ಕೋಟೆಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಜರ್ಮನಿಯಲ್ಲಿ ಬಿಂಗೆನ್ ಅಂತ ಒಂದು ಊರಿದೆ. ಅಲ್ಲಿ ಹಡಗು ಹತ್ತಿ, ರೈನ್ ನದಿ ಹರಿಯುವ ಕಡೆಗೇ ಹೊರಟರೆ ಕೊಬ್ಲೆನ್ಜ್ ಊರಿನ ತನಕ ಸುಮಾರು 65 ಕಿಲೋಮೀಟರ್ ದಾರಿ. ಎರಡೂ ಕಡೆ ಕಡಿದಾದ ಗುಡ್ಡ. ಗುಡ್ಡದ ಮೈಮೇಲೆ ದ್ರಾಕ್ಷಿ ತೋಟ, ನೆತ್ತಿಯ ಮೇಲೆ ಕೋಟೆ. ಒಂದು ಕೋಟೆ ಮರೆಯಾಗುವ ಮುಂಚೆ ಇನ್ನೊಂದು ಕಣ್ಣಿಗೆ ಬೀಳುತ್ತದೆ. ಇಷ್ಟು ಚಿಕ್ಕ ದಾರಿಯಲ್ಲೇ ನಲವತ್ತರಷ್ಟು ಕೋಟೆಗಳಿವೆ. 2002ರಲ್ಲಿ ಯುನೆಸ್ಕೋ ಈ ಇಡೀ ಕಣಿವೆಯನ್ನೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಮೊದಲ ಸಲ ಹೋದಾಗ ನಾನು ಇವನ್ನೆಲ್ಲ ಹಡಗಿನ ಮೇಲಿಂದಲೇ ನೋಡಿದೆ. ಬಹಳ ಜನ ಹಾಗೇ ನೋಡುತ್ತಾರೆ. ಆರಾಮಾಗಿ ಕುಳಿತು, ಫೋಟೋ ತೆಗೆದು, ಸಂಜೆ ಹೊತ್ತಿಗೆ ಕೊಬ್ಲೆನ್ಜ್‌ನಲ್ಲಿ ಇಳಿದರೆ ಮುಗಿಯಿತು. ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ಹಾಗೆ ಎಲ್ಲವೂ ಅಂದವಾಗಿ ಕಂಡಿತ್ತು. ಆದರೆ ಇಷ್ಟೊಂದು ಕೋಟೆ ಇಲ್ಲಿ ಯಾಕೆ ಅನ್ನುವ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಎರಡನೇ ಸಲ ಇಳಿದೆ, ಹತ್ತಿದೆ, ಒಳಗೆ ಹೋದೆ. ಇವತ್ತು ಹೇಳುವುದು ಆ ಎರಡನೇ ಸಲದ ಮಾತು.

ಕೌಬ್ ಅನ್ನುವ ಊರಿನ ಮುಂದೆ, ನದಿಯ ನಡುವೆ ಒಂದು ಬಂಡೆಯ ದ್ವೀಪ. ಅದರ ಮೇಲೆ ಬಿಳಿ ಗೋಡೆ, ಕಪ್ಪು ಚಾವಣಿಯ ಒಂದು ಕೋಟೆ. ದೂರದಿಂದ ನೋಡಿದರೆ ಕಲ್ಲಿನ ಹಡಗೊಂದು ಲಂಗರು ಹಾಕಿ ನಿಂತ ಹಾಗೆ ಇದೆ. ಹೆಸರು ಫಾಲ್ಟ್ಸ್‌ಗ್ರಾಫೆನ್‌ಸ್ಟೈನ್. ನಾಲಿಗೆ ತಿರುಗದಿದ್ದರೆ ಚಿಂತೆಯಿಲ್ಲ, ಅಲ್ಲಿಯವರೂ ಚಿಕ್ಕದಾಗಿ ಫಾಲ್ಟ್ಸ್ ಅಂತಲೇ ಕರೆಯುತ್ತಾರೆ. ಕೌಬ್‌ನಿಂದ ಸಣ್ಣ ದೋಣಿ ಹೋಗುತ್ತದೆ. ಒಳಗೆ ಸಿಂಹಾಸನವಿಲ್ಲ, ದರ್ಬಾರಿನ ಹಾಲ್ ಇಲ್ಲ. ಮರದ ಮೆಟ್ಟಿಲು, ದಪ್ಪ ಗೋಡೆ, ನದಿಯ ಕಡೆಗೆ ತೆರೆದ ಸಣ್ಣ ಸಣ್ಣ ಕಿಂಡಿ, ಅಷ್ಟೇ. ಆ ಕಿಂಡಿಯಿಂದ ಹೊರಗೆ ನೋಡಿದಾಗ ನನಗೆ ತಟ್ಟನೆ ಹೊಳೆಯಿತು. ಇದು ಸುಂಕದ ಕಟ್ಟೆ!

1327ರ ಸುಮಾರಿಗೆ ಬವೇರಿಯಾದ ಲುಡ್ವಿಗ್ ರಾಜ ಇದನ್ನು ಕಟ್ಟಿಸಿದ್ದು ಸುಂಕ ವಸೂಲಿಗೆ. ಆ ಕಾಲದಲ್ಲಿ ರೈನ್ ಅಂದರೆ ದೊಡ್ಡ ಹೆದ್ದಾರಿ. ವೈನ್, ಉಪ್ಪು, ಮರ, ಬಟ್ಟೆ ಎಲ್ಲ ನೀರಿನ ಮೇಲೇ ಹೋಗಬೇಕು. ಪ್ರವಾಹದ ಎದುರು ಹೋಗುವ ದೋಣಿಗಳನ್ನು ದಡದ ಮೇಲೆ ಕುದುರೆ ಕಟ್ಟಿ ಎಳೆಯುತ್ತಿದ್ದರು. ಅಷ್ಟು ನಿಧಾನವಾಗಿ ಹೋಗುವ ದೋಣಿ ತಪ್ಪಿಸಿಕೊಂಡು ಎಲ್ಲಿಗೆ ಹೋದೀತು? ಕೌಬ್‌ನಲ್ಲಿ ನದಿಗೆ ಅಡ್ಡಲಾಗಿ ಸರಪಳಿ ಎಳೆಯುತ್ತಿದ್ದರು. ಹಣ ಕೊಟ್ಟರೆ ಸರಪಳಿ ಇಳಿಯುತ್ತದೆ. ಇಲ್ಲವಾದರೆ ಒಳಗಿನ ಬಾವಿಯೇ ಸೆರೆಮನೆ. ಅದರಲ್ಲಿ ಮರದ ಹಲಗೆಯೊಂದು ತೇಲುತ್ತಿತ್ತು, ಕೈದಿ ಅದರ ಮೇಲೆ ಕೂತಿರಬೇಕಿತ್ತು ಅಂತ ಹೇಳುತ್ತಾರೆ. ಸುಂಕದವನ ಮುಂದೆ ಸುಖ ದುಃಖ ಹೇಳಿಕೊಂಡರೆ ಆಗುತ್ತದೆಯೇ ಅನ್ನುವ ನಮ್ಮ ಗಾದೆ ಅಲ್ಲಿ ನಿಂತಾಗ ನೆನಪಾಯಿತು. ಇಲ್ಲಿ ಸುಂಕ ಎತ್ತುವುದು ನಿಂತದ್ದು 1860ರ ದಶಕದಲ್ಲಿ. ಐನೂರು ವರ್ಷಕ್ಕೂ ಜಾಸ್ತಿ ನಡೆದ ವಸೂಲಿ!

ಇದು ಗೊತ್ತಾದ ಮೇಲೆ ಉಳಿದ ಕೋಟೆಗಳೂ ಬೇರೆಯಾಗಿ ಕಾಣತೊಡಗಿದವು. ಕೆಳಗೆ ಸಾಂಕ್ಟ್ ಗೋವಾರ್ ಊರಿನ ಮೇಲಿರುವ ರೈನ್‌ಫೆಲ್ಸ್ ಕೋಟೆಯನ್ನೇ ನೋಡಿ. 1245ರಲ್ಲಿ ಕಾಟ್ಸೆನೆಲ್ನ್‌ಬೋಗೆನ್ ಮನೆತನದ ಡೀಟರ್ ಅನ್ನುವ ಕೌಂಟ್, ಅಂದರೆ ಪಾಳೆಯಗಾರ, ಕಟ್ಟಿಸಿದ. ಅವನೂ ಸುಂಕದವನೇ. ಅವನು ದರ ಏರಿಸಿದ. ವ್ಯಾಪಾರಿಗಳಿಗೆ ಸಾಕಾಗಿ ಹೋಯಿತು. ನದಿಯ ಉದ್ದಕ್ಕೂ ಇದ್ದ ಪಟ್ಟಣಗಳು ಒಕ್ಕೂಟ ಕಟ್ಟಿಕೊಂಡು 1255ರಲ್ಲಿ ಸೈನ್ಯ ತಂದು ಮುತ್ತಿಗೆ ಹಾಕಿದವು. ಒಂದು ವರ್ಷಕ್ಕೂ ಮೀರಿ ಕೂತರೂ ಕೋಟೆ ಬೀಳಲಿಲ್ಲ. 1692ರಲ್ಲಿ ಫ್ರಾನ್ಸಿನ ಹದಿನಾಲ್ಕನೇ ಲೂಯಿಯ ದೊಡ್ಡ ಸೈನ್ಯ ಬಂದಾಗಲೂ ಬೀಳಲಿಲ್ಲ. ಕೊನೆಗೆ 1794ರಲ್ಲಿ ಒಂದು ಗುಂಡೂ ಹಾರಿಸದೆ ಫ್ರೆಂಚರ ಕೈಗೆ ಹೋಯಿತು. ಅವರು ಸಿಡಿಮದ್ದು ಇಟ್ಟು ಒಡೆದರು. ಆಮೇಲೆ ಇದರ ಕಲ್ಲುಗಳನ್ನೇ ಕೊಬ್ಲೆನ್ಜ್‌ನ ಎದುರಿನ ಎರೆನ್‌ಬ್ರೈಟ್‌ಸ್ಟೈನ್ ಕೋಟೆ ಕಟ್ಟಲು ಸಾಗಿಸಿದರು.

ಈಗ ಅಲ್ಲಿರುವುದು ದೊಡ್ಡ ಹಾಳು. ಆದರೆ ಹಾಳು ಅಂತ ಬಿಟ್ಟುಬಿಡಬೇಡಿ. ನೆಲದಡಿಯಲ್ಲಿ ಸುರಂಗಗಳಿವೆ. ಮುತ್ತಿಗೆ ಹಾಕಿದವರ ಕಾಲ ಕೆಳಗೇ ಮದ್ದು ಸಿಡಿಸಲು ತೋಡಿದವು. ನಾನು ಟಾರ್ಚ್ ಹಿಡಿದು ಒಂದರೊಳಗೆ ಹೋದೆ. ಕೆಲವು ಕಡೆ ಬೆನ್ನು ಪೂರ್ತಿ ಬಗ್ಗಿಸಬೇಕು. ಕೈ ಗೋಡೆಗೆ ತಾಗಿದರೆ ತಣ್ಣಗೆ, ಒದ್ದೆ ಒದ್ದೆ. ಟಾರ್ಚ್ ಒಂದು ನಿಮಿಷ ಆರಿಸಿದೆ. ನನ್ನ ಉಸಿರು ಬಿಟ್ಟರೆ ಬೇರೆ ಸದ್ದಿಲ್ಲ. ಇಂಥ ಜಾಗದಲ್ಲಿ ಮದ್ದಿನ ಪೀಪಾಯಿ ಪಕ್ಕ ಇಟ್ಟುಕೊಂಡು, ತಲೆಯ ಮೇಲೆ ಹೆಜ್ಜೆ ಸದ್ದು ಕೇಳುತ್ತಾ ಕಾದವನ ಎದೆ ಹೇಗೆ ಬಡಿದುಕೊಂಡಿರಬೇಕು! ಹೋಗುವವರು ಟಾರ್ಚ್ ಮರೆಯಬೇಡಿ.

ಇನ್ನೊಂದು ವಿಷಯ ತಿಳಿದಿರಲಿ. ಹಡಗಿನಿಂದ ಕಾಣುವ ಕೋಟೆಗಳಲ್ಲಿ ತುಂಬಾ ಅಂದವಾಗಿರುವ ಕೆಲವು, ನಾವು ಅಂದುಕೊಂಡಷ್ಟು ಹಳೆಯವಲ್ಲ. ಷ್ಟೋಲ್ಸೆನ್‌ಫೆಲ್ಸ್ ಕೋಟೆಯನ್ನು 1689ರಲ್ಲಿ ಫ್ರೆಂಚರು ಸುಟ್ಟರು. ಈಗ ಕಾಣುವ ಹಳದಿ ಗೋಡೆಗಳು ಆಗಿನ ಜರ್ಮನ್ ರಾಜ್ಯ ಪ್ರಷ್ಯಾದ ಯುವರಾಜ 19ನೇ ಶತಮಾನದಲ್ಲಿ ಕಟ್ಟಿಸಿದ ಬೇಸಿಗೆ ಅರಮನೆ. ರೈನ್‌ಸ್ಟೈನ್ ಕೂಡ ಹಾಗೇ ಮತ್ತೆ ಎದ್ದದ್ದು. ಚೆಂದವೇನೋ ಹೌದು, ಆದರೆ ಅದು ಹಳೆಯ ಕಾಲದ ಬಗ್ಗೆ ಆಮೇಲಿನವರು ಕಂಡ ಕನಸು.

ಹಾಗಾದರೆ ಗುಡ್ಡದ ಮೇಲಿನ ಕೋಟೆಗಳಲ್ಲಿ ಒಡೆಯದೆ ಉಳಿದದ್ದು ಯಾವುದು? ಬ್ರೌಬಾಖ್ ಊರಿನ ಮೇಲಿನ ಮಾರ್ಕ್ಸ್‌ಬುರ್ಗ್. ಈ ಕಣಿವೆಯಲ್ಲಿ ಒಂದೇ ಕೋಟೆ ನೋಡಲು ಸಮಯವಿದೆ ಅಂದರೆ ನಾನು ಇದನ್ನೇ ಹೇಳುತ್ತೇನೆ. 1900ರಿಂದ ಜರ್ಮನಿಯ ಕೋಟೆ ಸಂರಕ್ಷಣಾ ಸಂಘದವರು ಇದನ್ನು ನೋಡಿಕೊಳ್ಳುತ್ತಿದ್ದಾರೆ. 1945ರ ಮಾರ್ಚ್‌ನಲ್ಲಿ ಎದುರು ದಡದಿಂದ ಅಮೆರಿಕನ್ನರ ಫಿರಂಗಿ ಗುಂಡು ಬಿದ್ದು ಪೆಟ್ಟಾಗಿತ್ತು, ಅದನ್ನೂ ಸರಿಪಡಿಸಿದರು. ಗೈಡ್ ಜೊತೆಗೇ ಒಳಗೆ ಹೋಗಬೇಕು.

ಬಾಗಿಲು ದಾಟಿದ ಕೂಡಲೇ ಬಂಡೆಯಲ್ಲೇ ಕಡಿದ ಮೆಟ್ಟಿಲು. ಒಂದು ಎತ್ತರ, ಒಂದು ತಗ್ಗು, ಸವೆದು ನುಣುಪಾಗಿವೆ. ಕಾಲು ನೋಡಿಕೊಂಡು ಇಡಬೇಕು. ಮೇಲೆ ಹೋದರೆ ಅಡುಗೆಮನೆ. ಒಲೆಯ ಬಾಯಿ ಎಷ್ಟು ದೊಡ್ಡದೆಂದರೆ ಅದರೊಳಗೆ ನಾಲ್ಕು ಜನ ನಿಂತು ಮಾತಾಡಬಹುದು. ಕತ್ತೆತ್ತಿ ನೋಡಿದರೆ ಹೊಗೆ ಹೋಗುವ ದಾರಿ ಕಪ್ಪಗೆ ಮೇಲಕ್ಕೆ ಹೋಗುತ್ತದೆ. ಅಲ್ಲಿಂದ ಹಾಲ್‌ಗೆ ಹೋದರೆ ಮೂಲೆಯಲ್ಲಿ ಒಂದು ಸಣ್ಣ ಬಾಗಿಲು. ಅದು ಶೌಚಾಲಯ. ಗೋಡೆಯಿಂದ ಹೊರಕ್ಕೆ ಚಾಚಿದ ಗೂಡು, ಕೆಳಗೆ ಬರೀ ಗಾಳಿ. ಆ ಬಾಗಿಲಿಗೆ ಹಾಲ್ ಕಡೆಯಿಂದ ಅಗುಳಿ ಹಾಕುತ್ತಿದ್ದರಂತೆ. ಯಾಕೆ ಗೊತ್ತಾ? ಶತ್ರು ಆ ತೂತಿನಿಂದ ಹತ್ತಿ ಒಳಗೆ ಬಂದುಬಿಟ್ಟರೆ! ಊಟದ ಹಾಲ್‌ನಲ್ಲಿ ಕೂತು ಆ ಭಯದಲ್ಲಿ ಬದುಕಿದ ಜನ ಇವರು. ಇವೆಲ್ಲ ಹಡಗಿನಿಂದ ಹೇಗೆ ಕಾಣಬೇಕು, ಅಲ್ವಾ?

ಕೊಬ್ಲೆನ್ಜ್‌ನಲ್ಲಿ ಮೋಸೆಲ್ ನದಿ ಬಂದು ರೈನ್‌ಗೆ ಸೇರುತ್ತದೆ. ಒಂದು ದಿನ ಜಾಸ್ತಿ ಇದ್ದರೆ ಮೋಸೆಲ್ ಕಡೆಗೆ ರೈಲು ಹತ್ತಿ ಮೋಸೆಲ್‌ಕೆರ್ನ್‌ನಲ್ಲಿ ಇಳಿಯಿರಿ. ಅಲ್ಲಿಂದ ಎಲ್ಟ್ಸ್ ಅನ್ನುವ ಹಳ್ಳದ ಪಕ್ಕ ಕಾಡಿನೊಳಗೆ ಒಂದೂವರೆ ಗಂಟೆ ನಡಿಗೆ. ಕಾರಿನಲ್ಲೂ ಹತ್ತಿರ ಹೋಗಬಹುದು, ಆದರೆ ನಡೆದು ಹೋಗುವ ಸುಖವೇ ಬೇರೆ. ಕಾಡು ತಿರುಗಿದ ಕಡೆ, ನೀರು ಮೂರು ಕಡೆ ಬಳಸಿದ ಬಂಡೆಯ ಮೇಲೆ ಬುರ್ಗ್ ಎಲ್ಟ್ಸ್, ಅಂದರೆ ಎಲ್ಟ್ಸ್ ಕೋಟೆ, ಎದುರಾಗುತ್ತದೆ. ಗೋಪುರದ ಪಕ್ಕ ಗೋಪುರ, ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಜರ್ಮನಿಯ ಹಳೆಯ 500 ಮಾರ್ಕ್ ನೋಟಿನ ಮೇಲೆ ಇದೇ ಚಿತ್ರ ಇತ್ತು.

ಎಂಟುನೂರು ವರ್ಷಕ್ಕೂ ಜಾಸ್ತಿ ಇದು ಒಂದೇ ಮನೆತನದ ಕೈಯಲ್ಲಿದೆ. ಹಿಂದೆ ದಾಯಾದಿಗಳ ಮೂರು ಕವಲು ಇಲ್ಲಿತ್ತು, ಒಂದೇ ಅಂಗಳ, ಬೇರೆ ಬೇರೆ ಮನೆ. ನಮಗೆ ಅರ್ಥವಾಗದ ವಿಷಯವೇನಲ್ಲ. 1689ರಲ್ಲಿ ಸುತ್ತಮುತ್ತಲ ಕೋಟೆಗಳನ್ನು ಫ್ರೆಂಚರು ಒಡೆದಾಗ, ಈ ಮನೆತನದವನೊಬ್ಬ ಫ್ರೆಂಚ್ ಸೈನ್ಯದಲ್ಲಿ ಅಧಿಕಾರಿಯಾಗಿದ್ದ. ಒಡೆಯಬೇಕಾದ ಕೋಟೆಗಳ ಪಟ್ಟಿಯಿಂದ ಇದರ ಹೆಸರು ತೆಗೆಸಿದ. ಹಾಗಾಗಿ ಉಳಿಯಿತು.

ನವೆಂಬರ್‌ನಿಂದ ಮಾರ್ಚ್ ತನಕ ಇಲ್ಲಿ ಬಾಗಿಲು ಹಾಕಿರುತ್ತದೆ, ನೋಡಿಕೊಂಡು ಹೊರಡಿ. ಒಳಗೆ ಫೋಟೋ ತೆಗೆಯುವಂತಿಲ್ಲ. ಹಾಗಾಗಿ ಕಣ್ಣಲ್ಲೇ ತುಂಬಿಕೊಳ್ಳಬೇಕು. ಮೂರೂ ಮನೆಯವರು ಸೇರಿ ಮಾತಾಡುತ್ತಿದ್ದ ಹಾಲ್‌ನಲ್ಲಿ ವಿದೂಷಕರ ಮುಖಗಳನ್ನು ಕೆತ್ತಿದ್ದಾರೆ. ಇಲ್ಲಿ ಯಾರು ಏನು ಬೇಕಾದರೂ ಬಿಚ್ಚಿ ಹೇಳಬಹುದು ಅಂತ ಅದರ ಅರ್ಥ. ಬಾಗಿಲ ಮೇಲೆ ಒಂದು ಗುಲಾಬಿ. ಇಲ್ಲಿ ಆಡಿದ ಮಾತು ಹೊರಗೆ ಹೋಗಬಾರದು ಅಂತ ಅದರ ಅರ್ಥ. ಗೈಡ್ ಹಿಂದೆ ಎಲ್ಲರೂ ಮುಂದಿನ ಕೋಣೆಗೆ ಅವಸರವಾಗಿ ಹೋಗುತ್ತಾರೆ. ನೀವು ಆ ಹೊಸ್ತಿಲ ಹತ್ತಿರ ಒಂದು ಕ್ಷಣ ನಿಂತು, ತಲೆ ಎತ್ತಿ ಆ ಗುಲಾಬಿಯನ್ನು ನೋಡಿ ಬನ್ನಿ.

ನಮಸ್ಕಾರ.