ನಿನ್ನೆ ಎಷ್ಟು ಹೊತ್ತು ಮಲಗಿದ್ರಿ?

ಕೇಳುಗರಿಗೆ ನಮಸ್ಕಾರ.

ಕ್ಯಾನ್ಸರ್ ರೋಗಿಯ ಕೇಸ್ ಶೀಟಿನಲ್ಲಿ ಒಂದು ಪುಟ್ಟ ಅಂಕಿ ಇರುತ್ತದೆ. 'ಇಕಾಗ್' ಅಂತ ಬರೆದು, ಪಕ್ಕದಲ್ಲಿ 0ಯಿಂದ 4ರೊಳಗೆ ಒಂದು. ರೋಗಿಗೆ ಓಡಾಡಲು, ದುಡಿಯಲು ಎಷ್ಟು ತ್ರಾಣ ಉಳಿದಿದೆ ಎಂಬ ಲೆಕ್ಕ ಅದು. ಇಕಾಗ್ ಅಂದರೆ ಈ ಅಳತೆ ಮಾಡಿದ ಅಮೆರಿಕದ ಕ್ಯಾನ್ಸರ್ ತಜ್ಞರ ಗುಂಪಿನ ಚಿಕ್ಕ ಹೆಸರು. ಮೊದಲಿನ ಹಾಗೇ ಎಲ್ಲ ಮಾಡಿಕೊಂಡಿದ್ದರೆ 0. ಹಾಸಿಗೆ ಬಿಟ್ಟು ಏಳಲಾಗದಿದ್ದರೆ 4. ಇದಕ್ಕೂ ಹಿಂದೆ, 1940ರ ದಶಕದಲ್ಲೇ, ಅಮೆರಿಕದ ಡಾ. ಡೇವಿಡ್ ಕಾರ್ನಾಫ್ಸ್ಕಿ ಮತ್ತು ಜೊತೆಗಾರರು 100ರಿಂದ ಕೆಳಗಿಳಿಯುವ ಒಂದು ಅಳತೆ ಮಾಡಿದ್ದರು. ಅದೂ ಬಳಕೆಯಲ್ಲಿದೆ.

ಕೀಮೋ ಕೊಡಬಹುದಾ, ಎಷ್ಟು ಕೊಡಬಹುದು ಎಂದು ಯೋಚಿಸುವಾಗ ಡಾಕ್ಟರು ಈ ಅಂಕಿಯನ್ನು ನೋಡುತ್ತಾರೆ. ಹೊಸ ಔಷಧಿಯ ಪ್ರಯೋಗಗಳಿಗಂತೂ ಹೆಚ್ಚಾಗಿ 0 ಅಥವಾ 1 ಇದ್ದವರನ್ನೇ ಸೇರಿಸಿಕೊಳ್ಳುತ್ತಾರೆ.

ಆದರೆ ಇದನ್ನು ಹೇಳಲು ಯಂತ್ರವಿಲ್ಲ. ನೋಡಿ, ಕೇಳಿ, ಅಂದಾಜು ಮಾಡಬೇಕು. ಡೆನ್ಮಾರ್ಕಿನಲ್ಲಿ ಮೂವರು ಕ್ಯಾನ್ಸರ್ ತಜ್ಞರು ಒಟ್ಟು 100 ರೋಗಿಗಳಿಗೆ, ಮೂವರೂ ಬೇರೆ ಬೇರೆಯಾಗಿ, ಅಂಕಿ ಹಾಕಿದರು. ವರದಿ 1993ರಲ್ಲಿ ಬಂತು. ಮೂವರ ಅಂಕಿಯೂ ಒಂದೇ ಆಗಿದ್ದು 40 ಜನಕ್ಕೆ ಮಾತ್ರ. 53 ಜನಕ್ಕೆ ಇಬ್ಬರದು ಒಂದು, ಇನ್ನೊಬ್ಬರದು ಬೇರೆ. ಉಳಿದ 7 ಜನಕ್ಕೆ ಮೂವರದೂ ಬೇರೆ ಬೇರೆ! ಮೂವರೂ ಅನುಭವಸ್ಥರೇ.

ಯಾಕೆ ಹೀಗೆ? 2 ಮತ್ತು 3ರ ನಡುವಿನ ಗೆರೆಯನ್ನೇ ನೋಡಿ. ಎಚ್ಚರವಿರುವ ಹೊತ್ತಿನಲ್ಲಿ ಅರ್ಧಕ್ಕಿಂತ ಜಾಸ್ತಿ ಎದ್ದು ಓಡಾಡಿಕೊಂಡಿದ್ದರೆ 2. ಅರ್ಧಕ್ಕಿಂತ ಜಾಸ್ತಿ ಹೊತ್ತು ಹಾಸಿಗೆಯಲ್ಲೋ ಕುರ್ಚಿಯಲ್ಲೋ ಕಳೆದರೆ 3. ಆ ಹೊತ್ತೆಲ್ಲ ಕಳೆಯುವುದು ಮನೆಯಲ್ಲಿ, ಅಲ್ವಾ? ಡಾಕ್ಟರಿಗೆ ಕಾಣುವುದು ಓಪಿಡಿಯ ಕೆಲವು ನಿಮಿಷ. ನಮ್ಮ ತಾಯಂದಿರು ಆಸ್ಪತ್ರೆಗೆ ಹೊರಡುವಾಗ ತಲೆ ಬಾಚಿ, ಒಳ್ಳೆ ಸೀರೆ ಉಟ್ಟು ಬರುತ್ತಾರೆ. "ಹೇಗಿದ್ದೀರಮ್ಮ?" ಅಂದರೆ "ಪರವಾಗಿಲ್ಲ ಸಾರ್" ಅನ್ನುತ್ತಾರೆ. ಎರಡು ದಿನ ಮಲಗೇ ಇದ್ದದ್ದು ಬಾಯಿಗೆ ಬರುವುದೇ ಇಲ್ಲ. ಇನ್ನು ಕೆಲವರು ರಾತ್ರಿಯೆಲ್ಲ ಬಸ್ಸಿನಲ್ಲಿ ಬಂದು ಸೋತು ಕೂತಿರುತ್ತಾರೆ. ಊರಲ್ಲಿ ಹಸುವಿನ ಹಾಲು ಕರೆಯುವವರು ಅವರೇ.

"ಚೆನ್ನಾಗಿದ್ದೀರಾ?" ಅಂತ ಸುಮ್ನೆ ಕೇಳಿದರೆ ಸಾಲದು ಅಂತ ನಾನು ಡಾಕ್ಟರುಗಳಲ್ಲಿ ಕೈಮುಗಿದು ಹೇಳುತ್ತೇನೆ. ನಿನ್ನೆ ಸ್ನಾನ ನೀವೇ ಮಾಡಿದ್ರಾ? ಮಧ್ಯಾಹ್ನ ಎಷ್ಟು ಹೊತ್ತು ಮಲಗಿದ್ರಿ? ಹೀಗೆ ಕೇಳಿ. ರೋಗಿಯ ಜೊತೆ ಬಂದ ಮಗಳೇ, ಸೊಸೆಯೇ, ಅವರು "ಪರವಾಗಿಲ್ಲ" ಅಂದಾಗ ನೀವು ಸುಮ್ಮನಿರಬೇಡಿ. ನಿನ್ನೆ ಮನೆಯಲ್ಲಿ ನೀವು ಕಂಡದ್ದನ್ನು ಹೇಳಿ.

ನಮಸ್ಕಾರ.