ಎಣಿಸುವವರು ಮತ್ತು ಬಲ್ಲವರು

ಎಲ್ಲರಿಗೂ ನಮಸ್ಕಾರ. ಈ ಸಭೆಯಲ್ಲಿ ಅರಣ್ಯಶಾಸ್ತ್ರದ ವಿದ್ಯಾರ್ಥಿಗಳೇ ಹೆಚ್ಚು. ಕೆಲಸಕ್ಕೆ ಸೇರಿದ ಮೊದಲ ವರ್ಷವೇ ನಿಮಗೆ ಎದುರಾಗುವ ಪ್ರಶ್ನೆ: ಇಲ್ಲಿ ಪ್ರಾಣಿಗಳು ಎಷ್ಟಿವೆ? ಆ ಉತ್ತರದ ಮೇಲೆಯೇ ಬೇಲಿ, ನಿಷೇಧ, ಅನುದಾನ ಎಲ್ಲವೂ ನಿಂತಿರುತ್ತವೆ. ಉತ್ತರ ತಪ್ಪಿದರೆ ಏನಾಗುತ್ತದೆ, ಅದನ್ನು ಯಾರು ತಿದ್ದಬಲ್ಲರು ಎನ್ನುವುದನ್ನು ಅಲಾಸ್ಕಾದ ಒಂದು ಪ್ರಸಂಗದಿಂದ ಹೇಳುತ್ತೇನೆ.

ಅಲಾಸ್ಕಾದ ಉತ್ತರ ಕರಾವಳಿಯ ಇನುಪಿಯಾಟ್ ಜನ ಶತಮಾನಗಳಿಂದ ಬೋಹೆಡ್ ತಿಮಿಂಗಿಲವನ್ನು ಬೇಟೆಯಾಡಿ ಬದುಕಿದವರು. 19ನೆಯ ಶತಮಾನದ ನಡುವಿನಲ್ಲಿ ವಾಣಿಜ್ಯ ಹಡಗುಗಳು ಆ ಕಡಲಿಗೆ ನುಗ್ಗಿದವು. ಎಣ್ಣೆಗಾಗಿ, ಬಾಯೊಳಗೆ ಆಹಾರ ಸೋಸುವ ಬಲೀನ್ ಪಟ್ಟಿಗಳಿಗಾಗಿ ಆ ಸಂತತಿಯನ್ನೇ ಬರಿದು ಮಾಡಿದವು. 1977ರಲ್ಲಿ, ಉಳಿದಿರುವುದು 600ರಿಂದ 2,000 ತಿಮಿಂಗಿಲಗಳು ಮಾತ್ರ ಎಂಬ ಅಂದಾಜನ್ನು ನಂಬಿ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗವು ಇನುಪಿಯಾಟರ ಬೇಟೆಯನ್ನೂ ನಿಷೇಧಿಸಿತು. ಕೊಳ್ಳೆ ಹೊಡೆದವರು ಒಬ್ಬರು, ದಂಡ ತೆತ್ತವರು ಇನ್ನೊಬ್ಬರು. ಪ್ರತಿಭಟನೆ ಎದ್ದ ಮೇಲೆ ವರ್ಷದ ಕೊನೆಗೆ ಸಣ್ಣದೊಂದು ಕೋಟಾ ಸಿಕ್ಕಿತು.

ಅಂದಿನ ಎಣಿಕೆಯ ಕ್ರಮವನ್ನು ಗಮನಿಸಿ. ವಸಂತದಲ್ಲಿ ತಿಮಿಂಗಿಲಗಳು ಬೇರಿಂಗ್ ಸಮುದ್ರದಿಂದ, ಅಂದು ಬ್ಯಾರೊ ಎನಿಸಿದ್ದ, ಇಂದು ಉಟ್ಕಿಯಾಗ್ವಿಕ್ ಎನ್ನುವ ಊರಿನ ಪಕ್ಕದಲ್ಲೇ ಹಾದು ಪೂರ್ವಕ್ಕೆ ಹೋಗುತ್ತವೆ. ಮಂಜುಗಡ್ಡೆ ಬಿರಿದು ನೀರು ಕಾಣುವ ಸೀಳಿನ ಅಂಚಿನಲ್ಲಿ ಎತ್ತರದ ಜಾಗ ಹಿಡಿದು ನಿಂತು, ಕಣ್ಣಿಗೆ ಬಿದ್ದದ್ದನ್ನು ಎಣಿಸುವುದು ರೂಢಿ. ಸೀಳು ಮುಚ್ಚಿಕೊಂಡರೆ ತಿಮಿಂಗಿಲಗಳ ಸಾಗಾಟವೂ ನಿಲ್ಲುತ್ತದೆ ಎಂದು ಎಣಿಸುವವರು ಭಾವಿಸಿದ್ದರು. ಬೇಟೆಗಾರರು ಇದನ್ನು ಒಪ್ಪಲಿಲ್ಲ. ಬೋಹೆಡ್ ಮಂಜುಗಡ್ಡೆಗೆ ಹೆದರುವ ಪ್ರಾಣಿಯಲ್ಲ, ತಲೆಯಿಂದ ಗುದ್ದಿ ಗಡ್ಡೆಯನ್ನು ಎತ್ತಿ ಉಸಿರಾಡಿಕೊಂಡು ಮುಂದೆ ಸಾಗುತ್ತದೆ, ನಿಮ್ಮ ಕಣ್ಣಳತೆಗೆ ಸಿಗದಷ್ಟು ದೂರದಲ್ಲೂ ಹಿಂಡುಗಳು ಹೋಗುತ್ತವೆ ಎಂದರು. ಹಿರಿಯ ಬೇಟೆಗಾರ ಹ್ಯಾರಿ ಬ್ರೋವರ್ ಇದನ್ನು ವಿಜ್ಞಾನಿ ಟಾಮ್ ಆಲ್ಬರ್ಟ್ ಅವರಿಗೆ ಬಿಡಿಬಿಡಿಯಾಗಿ ವಿವರಿಸಿದರು. ಆಲ್ಬರ್ಟ್ ಅದನ್ನು ಕಟ್ಟುಕಥೆ ಎಂದು ತಳ್ಳಿಹಾಕಲಿಲ್ಲ. ಪರೀಕ್ಷಿಸಬಹುದಾದ ಮಾತು ಎಂದು ಸ್ವೀಕರಿಸಿದರು. ನನಗೆ ಈ ಇಡೀ ಪ್ರಸಂಗದಲ್ಲಿ ಅತಿ ಮುಖ್ಯವಾಗಿ ಕಾಣುವುದು ಈ ಘಳಿಗೆ.

1980ರ ದಶಕದಲ್ಲಿ ನೀರಿನೊಳಗೆ ಹೈಡ್ರೋಫೋನ್‌ಗಳನ್ನು ಇಳಿಸಿ ಆಲಿಸಿದರು. ಮೇಲೆ ನೋಡಿದರೆ ಬರೀ ಬಿಳಿ ಹಾಸು. ಕೆಳಗೆ ತಿಮಿಂಗಿಲಗಳ ದನಿ. ವಿಮಾನ ಸಮೀಕ್ಷೆಯೂ ಸೇರಿತು. 1988ರ ಗಣತಿ ಏಳು ಸಾವಿರವನ್ನು ದಾಟಿತು. 2011ರ ಹೊತ್ತಿಗೆ ಅಂದಾಜು ಸುಮಾರು 17,000ಕ್ಕೆ ಮುಟ್ಟಿತು. ಈ ಏರಿಕೆಯಲ್ಲಿ ನಿಜವಾದ ಸಂತಾನವೃದ್ಧಿಯ ಪಾಲೂ ದೊಡ್ಡದು. ಆದರೆ ಮೊದಲ ಅಂದಾಜು ಅಷ್ಟು ಕಡಿಮೆಯಾಗಿದ್ದಕ್ಕೆ ಕಾರಣ, ಎಲ್ಲಿ ನೋಡಬೇಕೆಂದು ಗೊತ್ತಿದ್ದವರನ್ನು ಯಾರೂ ಕೇಳಿರಲಿಲ್ಲ.

ಅವರ ಅರಿವು ಎಷ್ಟು ಸೂಕ್ಷ್ಮವೆಂದರೆ, ಹೊಗೆಯ ವಾಸನೆ ತಿಮಿಂಗಿಲಕ್ಕೆ ತಿಳಿಯುತ್ತದೆ ಎಂದು ಅವರು ಹೇಳುತ್ತ ಬಂದಿದ್ದರು. ತಿಮಿಂಗಿಲಗಳಿಗೆ ಘ್ರಾಣಶಕ್ತಿ ಇಲ್ಲವೆಂಬುದು ಪಠ್ಯಪುಸ್ತಕದ ಮಾತಾಗಿತ್ತು. ಕೊನೆಗೆ ಬೋಹೆಡ್ ಮಿದುಳನ್ನು ಪರೀಕ್ಷಿಸಿದಾಗ ವಾಸನೆ ಗ್ರಹಿಸುವ ಭಾಗ ಚೆನ್ನಾಗಿಯೇ ಬೆಳೆದಿರುವುದು ಕಂಡಿತು. ತಿಮಿಂಗಿಲ ಮನುಷ್ಯರ ಎರಡು ಆಯಸ್ಸು ಬದುಕುತ್ತದೆ ಎಂದೂ ಅವರು ಹೇಳುತ್ತಿದ್ದರು. 2007ರಲ್ಲಿ ಹಿಡಿದ ಒಂದು ತಿಮಿಂಗಿಲದ ಮೈಯಲ್ಲಿ 19ನೆಯ ಶತಮಾನದ ಕೊನೆಯ ಭಾಗದಲ್ಲಿ ತಯಾರಾದ ಸಿಡಿ-ಈಟಿಯ ಚೂರು ಸಿಕ್ಕಿತು!

ಹಾಗೆಂದು ಹಿರಿಯರ ಪ್ರತಿ ಮಾತೂ ವೇದವಾಕ್ಯವೆಂದು ನಾನು ಹೇಳುತ್ತಿಲ್ಲ. ಪರೀಕ್ಷೆಗೆ ಒಡ್ಡುವುದು ಅವಮಾನವಲ್ಲ. ಕೇಳದೆ ಇರುವುದು ಅವಮಾನ. ಬೇಟೆಗಾರರು 1977ರಲ್ಲೇ ತಮ್ಮದೇ ಅಲಾಸ್ಕಾ ಎಸ್ಕಿಮೊ ತಿಮಿಂಗಿಲ ಬೇಟೆ ಆಯೋಗವನ್ನು ಕಟ್ಟಿಕೊಂಡರು. 1981ರಿಂದ ಸರ್ಕಾರದ ಜೊತೆ ಒಪ್ಪಂದವಾಯಿತು. ಕೋಟಾವನ್ನು ಹಳ್ಳಿಹಳ್ಳಿಗೆ ಹಂಚುವವರು ಅವರೇ, ಬೇಟೆಯ ಮೇಲೆ ಕಣ್ಣಿಡುವವರೂ ಅವರೇ. ಬಲ್ಲವರ ಕೈಯಲ್ಲಿ ಅಧಿಕಾರವೂ ಇದ್ದುದರಿಂದಲೇ ಅವರ ಮಾತಿಗೆ ಬೆಲೆ ಬಂತು.

ಈಗ ನಮ್ಮ ಬಿಳಿಗಿರಿರಂಗನ ಬೆಟ್ಟಕ್ಕೆ ಬನ್ನಿ. 1974ರಲ್ಲಿ ಅಭಯಾರಣ್ಯ ಘೋಷಣೆಯಾಯಿತು. ಅಲ್ಲಿನ ಆದಿವಾಸಿಗಳಾದ ಸೋಲಿಗರ ಬೇಟೆ, ಕಾಡು ಕಡಿದು ಸುಟ್ಟು ಮಾಡುವ ಕುಮರಿ ಬೇಸಾಯ, ಜೊತೆಗೆ ತರಗು ಬೆಂಕಿ, ಎಲ್ಲವೂ ನಿಂತವು. ತರಗು ಬೆಂಕಿ ಎಂದರೆ ಕಾಳ್ಗಿಚ್ಚಲ್ಲ. ಬೇಸಿಗೆ ಕಾವೇರುವ ಮೊದಲೇ, ಜನವರಿ–ಫೆಬ್ರುವರಿಯಲ್ಲಿ, ನೆಲದ ಒಣ ಎಲೆಗೆ ಇಡುತ್ತಿದ್ದ ತಗ್ಗು ಬೆಂಕಿ. ಅದು ಪೊದೆಯನ್ನು ಹತೋಟಿಯಲ್ಲಿಡುತ್ತಿತ್ತು, ಹೊಸ ಹುಲ್ಲು ಚಿಗುರಿಸುತ್ತಿತ್ತು, ನೆಲ್ಲಿಮರಕ್ಕೆ ಹತ್ತುವ ಬಂದಳಿಕೆಯನ್ನು ತಡೆಯುತ್ತಿತ್ತು ಎನ್ನುತ್ತಾರೆ ಸೋಲಿಗರು. ಬೆಂಕಿ ನಿಂತ ಮೇಲೆ, ಹೊರದೇಶದಿಂದ ಬಂದ ಪೊದೆಗಿಡ ಲಂಟಾನ ಹಬ್ಬಿತು ಎಂಬುದು ಅವರ ವಿವರಣೆ. 1997ರಿಂದ 2008ರ ನಡುವೆ ಅಲ್ಲಿ ಲಂಟಾನ ಕಾಣಿಸಿಕೊಂಡ ಜಾಗಗಳು ಸುಮಾರು ದುಪ್ಪಟ್ಟಾದವು ಎಂದು ಸಂಶೋಧಕರೂ ದಾಖಲಿಸಿದ್ದಾರೆ. ಲಂಟಾನದ ಕೆಳಗೆ ಹುಲ್ಲು ಬೆಳೆಯದು. ಹುಲ್ಲಿಲ್ಲದ ಕಡೆ ಕಡವೆ, ಕಾಟಿ, ಜಿಂಕೆಗೆ ಮೇವಿಲ್ಲ. ಅವುಗಳ ಹಿಂದೆಯೇ ಹುಲಿಯ ಊಟದ ಪ್ರಶ್ನೆಯೂ ಬರುತ್ತದೆ.

2011 ಇಲ್ಲಿ ಎರಡು ಕಾರಣಕ್ಕೆ ದೊಡ್ಡ ವರ್ಷ. ಆರಂಭದಲ್ಲಿ ಹುಲಿ ಸಂರಕ್ಷಿತ ಪ್ರದೇಶದ ಘೋಷಣೆಯಾಯಿತು. ಕೊನೆಯ ಭಾಗದಲ್ಲಿ, 2006ರ ಅರಣ್ಯ ಹಕ್ಕು ಕಾಯ್ದೆಯಡಿ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶವೊಂದರೊಳಗೆ ಇಂಥ ಹಕ್ಕಿಗೆ ಮನ್ನಣೆ ಸಿಕ್ಕಿದ್ದು ದೇಶದಲ್ಲಿ ಅದೇ ಮೊದಲು. ಆ ಹಕ್ಕಿನಲ್ಲಿ ಕಾಡನ್ನು ಕಾಪಾಡುವ, ನಿರ್ವಹಿಸುವ ಅಧಿಕಾರವೂ ಸೇರಿದೆ. ಆದರೂ ಸೋಲಿಗರ ಅರಿವು ಸಂಶೋಧನಾ ಲೇಖನಗಳಲ್ಲಿ ಪಡೆದ ಜಾಗವನ್ನು ಕಾಡಿನ ನಿರ್ವಹಣೆಯಲ್ಲಿ ಪಡೆದಿಲ್ಲ ಎಂಬುದು ನನ್ನ ಕೊರಗು.

ನನ್ನ ಬೇಡಿಕೆ ದೊಡ್ಡದಲ್ಲ. ಇಂದು ಲಂಟಾನ ದಟ್ಟವಾಗಿರುವಲ್ಲಿ ಬೆಂಕಿ ಇಟ್ಟರೆ ಅದು ಮರದ ತುದಿಗೇರುತ್ತದೆ. ಆದ್ದರಿಂದ ಮೊದಲು ಒಂದು ಕಣಿವೆಯ ಲಂಟಾನವನ್ನು ಬೇರುಸಹಿತ ಕೀಳಿ. ಆಮೇಲೆ ಗ್ರಾಮಸಭೆ ಆರಿಸಿದ ದಿನ, ಗ್ರಾಮಸಭೆ ಆರಿಸಿದ ಜನರೇ ಅಲ್ಲಿ ತರಗು ಸುಡಲಿ, ಇಲಾಖೆ ಪಕ್ಕದಲ್ಲಿ ನಿಲ್ಲಲಿ. ಅಂಥದೇ ಇನ್ನೊಂದು ಕಣಿವೆಯಲ್ಲಿ ಲಂಟಾನ ಮಾತ್ರ ಕಿತ್ತು, ಸುಡದೆ ಬಿಡಿ. ಐದು ವರ್ಷ ಎರಡೂ ಕಡೆ ಹುಲ್ಲನ್ನು ಅಳೆಯಿರಿ, ಜಿಂಕೆ ಕಡವೆಗಳ ಹಿಕ್ಕೆ ಎಣಿಸಿ, ನೆಲ್ಲಿಮರಗಳ ಬಂದಳಿಕೆ ಲೆಕ್ಕ ಹಾಕಿ. ಎಲ್ಲಿ ಎಣಿಸಬೇಕು, ಯಾವ ತಿಂಗಳು ಎಣಿಸಬೇಕು ಎಂಬುದನ್ನು ಪೋಡಿನ, ಅಂದರೆ ಸೋಲಿಗರ ಹಾಡಿಯ, ಹಿರಿಯರ ಜೊತೆ ಕೂತು ತೀರ್ಮಾನಿಸಿ. ನಿಮ್ಮಲ್ಲಿ ಯಾರಾದರೂ ಇದನ್ನು ಪ್ರಬಂಧದ ವಿಷಯವಾಗಿ ತೆಗೆದುಕೊಳ್ಳುವುದಾದರೆ, ಅನುಮತಿಯ ಅರ್ಜಿ ಬರೆಯುವುದರಿಂದ ಹಿಡಿದು ಕೊನೆಯ ಲೆಕ್ಕದವರೆಗೂ ನಾನು ಜೊತೆಗಿರುತ್ತೇನೆ.