ದಿಲ್ಲಿಗೆ ಹಾಕುವ ವೋಟು

(ರಾಷ್ಟ್ರೀಯ ಮತದಾರರ ದಿನದಂದು ಪದವಿ ಕಾಲೇಜೊಂದರಲ್ಲಿ ನೀಡಿದ ಉಪನ್ಯಾಸ)

ಪ್ರಾಂಶುಪಾಲರೇ, ಅಧ್ಯಾಪಕ ಮಿತ್ರರೇ, ಈಗಷ್ಟೇ ಮತದಾರರ ಪಟ್ಟಿಗೆ ಹೆಸರು ಸೇರಿಸಿಕೊಂಡಿರುವ ವಿದ್ಯಾರ್ಥಿಗಳೇ, ಎಲ್ಲರಿಗೂ ನಮಸ್ಕಾರ.

ಸ್ವಲ್ಪ ಹೊತ್ತಿನ ಮುಂಚೆ ನಾವೆಲ್ಲ ಎದ್ದುನಿಂತು ಪ್ರತಿಜ್ಞೆ ಮಾಡಿದೆವು. ಧರ್ಮ, ಜನಾಂಗ, ಜಾತಿ, ಭಾಷೆ, ಆಮಿಷ ಇವು ಯಾವುದರ ಪ್ರಭಾವಕ್ಕೂ ಒಳಗಾಗದೆ ಮತ ಹಾಕುತ್ತೇವೆ ಅಂದೆವು. ಒಳ್ಳೆಯ ಪ್ರತಿಜ್ಞೆಯೇ. ಆದರೆ ಏನನ್ನು ನೋಡಬಾರದು ಎನ್ನುವುದಷ್ಟೇ ಅದರಲ್ಲಿದೆ. ಇವನ್ನೆಲ್ಲ ಬಿಟ್ಟಮೇಲೆ ಏನನ್ನು ನೋಡಿ ಪಕ್ಷ ಆರಿಸಬೇಕು? ಅದನ್ನು ನಿಮಗೆ ಯಾರೂ ಹೇಳುವುದಿಲ್ಲ. ಹೇಳುವವರು ಇದ್ದಾರೆ, ಆದರೆ ಅವರೆಲ್ಲ ಒಂದಲ್ಲ ಒಂದು ಪಕ್ಷದವರು. ನಾನು ಯಾವ ಪಕ್ಷಕ್ಕೂ ವೋಟು ಕೇಳಲು ಬಂದಿಲ್ಲ. ಲೋಕಸಭೆಯ ಚುನಾವಣೆಯೊಂದರ ಬಗ್ಗೆ ಮಾತ್ರ ಮಾತಾಡುತ್ತೇನೆ. ವಿಧಾನಸಭೆ, ಪಂಚಾಯ್ತಿಗಳ ಲೆಕ್ಕವೇ ಬೇರೆ.

ಲೆಕ್ಕ ಬೇರೆ ಎನ್ನುವುದನ್ನು ದೇಶಕ್ಕೆ ಕಲಿಸಿದವರು ನಿಮ್ಮ ತಾತ, ಅಜ್ಜಿಯರೇ. 1983ರ ಜನವರಿಯಲ್ಲಿ ಕರ್ನಾಟಕದಲ್ಲಿ ಮೊದಲ ಸಲ ಕಾಂಗ್ರೆಸ್ಸೇತರ ಸರ್ಕಾರ ಬಂತು, ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು. ಜನತಾ ಪಕ್ಷಕ್ಕೆ ಬಹುಮತ ಇರಲಿಲ್ಲ, ಹೊರಗಿನವರ ಬೆಂಬಲದಲ್ಲಿ ನಡೆಯುತ್ತಿದ್ದ ಸರ್ಕಾರ ಅದು. 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರ ಹತ್ಯೆಯಾಯಿತು. ಡಿಸೆಂಬರ್‌ನಲ್ಲಿ ಲೋಕಸಭೆ ಚುನಾವಣೆ. ರಾಜ್ಯದ 28 ಸ್ಥಾನಗಳಲ್ಲಿ 24 ಕಾಂಗ್ರೆಸ್ಸಿಗೆ ಹೋದವು. ಜನ ತಮ್ಮ ಪಕ್ಷವನ್ನು ಒಪ್ಪಿಲ್ಲ ಎಂದು ಹೆಗಡೆಯವರು ರಾಜೀನಾಮೆ ಕೊಟ್ಟರು, ವಿಧಾನಸಭೆ ವಿಸರ್ಜನೆಯಾಯಿತು. 1985ರ ಮಾರ್ಚ್‌ನಲ್ಲಿ ಮತ್ತೆ ಮತದಾನ. ಅದೇ ಜನ, ಅವೇ ಮತಗಟ್ಟೆಗಳು, ಬೆರಳಿನ ಶಾಯಿ ಮಾಸಿ ಕೆಲವೇ ವಾರ ಆಗಿತ್ತು. 224ರಲ್ಲಿ 139 ಸ್ಥಾನ ಜನತಾ ಪಕ್ಷಕ್ಕೆ ಬಂದವು.

ಹೆಗಡೆಯವರ ರಾಜೀನಾಮೆಯನ್ನು ನೈತಿಕತೆ ಅಂದವರಿದ್ದಾರೆ, ಜಾಣತನ ಅಂದವರೂ ಇದ್ದಾರೆ. ಎರಡೂ ಇರಬಹುದು, ರಾಜಕಾರಣದಲ್ಲಿ ಅವೆರಡು ಜೊತೆಗಿರಬಾರದು ಅಂತೇನೂ ಇಲ್ಲ. ನನಗೆ ಮುಖ್ಯವಾಗಿ ಕಾಣುವುದು ಮತದಾರ. ದಿಲ್ಲಿಗೆ ಒಬ್ಬರು, ಬೆಂಗಳೂರಿಗೆ ಒಬ್ಬರು ಅಂತ ಅವನು ಬಿಡಿಸಿ ನೋಡಿದ. ಆ ಅಭ್ಯಾಸ ಇನ್ನೂ ಹೋಗಿಲ್ಲ. 2013ರಲ್ಲಿ ಕಾಂಗ್ರೆಸ್ಸಿಗೆ ವಿಧಾನಸಭೆಯಲ್ಲಿ 122 ಸ್ಥಾನ ಕೊಟ್ಟ ರಾಜ್ಯ, ಮರುವರ್ಷ ಲೋಕಸಭೆಗೆ ಬಿಜೆಪಿಯಿಂದ 17 ಜನರನ್ನು ಕಳಿಸಿತು. 2023ರಲ್ಲಿ ಕಾಂಗ್ರೆಸ್ಸಿಗೆ 135 ಕೊಟ್ಟಿತು, 2024ರಲ್ಲಿ ಮತ್ತೆ ಬಿಜೆಪಿಗೆ 17, ಜೆಡಿಎಸ್‌ಗೆ 2, ಕಾಂಗ್ರೆಸ್ಸಿಗೆ 9. ಯಾರಿಗೆ ಹಾಕಿದರು ಎನ್ನುವುದು ನಿಮಗೆ ಇಷ್ಟವಾಗಬಹುದು, ಆಗದಿರಬಹುದು. ಏನೂ ಯೋಚಿಸದೆ ಒಂದೇ ಚಿಹ್ನೆಗೆ ಒತ್ತಿ ಬಂದವರ ಫಲಿತಾಂಶವಂತೂ ಇದಲ್ಲ.

ಇನ್ನು, ದಿಲ್ಲಿಗೆ ಹೋದ ಆ ವೋಟು ಅಲ್ಲಿ ಏನು ಮಾಡುತ್ತದೆ ಅಂತ ನೋಡೋಣ.

"ನಾನು ಪಕ್ಷ ನೋಡಲ್ಲ ಸಾರ್, ವ್ಯಕ್ತಿ ನೋಡಿ ವೋಟು ಹಾಕ್ತೀನಿ" ಅಂತ ಬಹಳ ಜನ ಹೆಮ್ಮೆಯಿಂದ ಹೇಳುತ್ತಾರೆ. ಪಂಚಾಯ್ತಿ ಚುನಾವಣೆಗೆ ಈ ಮಾತು ಪೂರ್ತಿ ಸರಿ. ಲೋಕಸಭೆಗೆ ಅರ್ಧ ಮಾತ್ರ ಸರಿ. ಯಾಕೆಂದರೆ ಕರ್ನಾಟಕದಲ್ಲಿ ಆ ಎರಡು ಚುನಾವಣೆಗಳು ನಡೆದ ನಡುವಿನ ವಾರಗಳಲ್ಲೇ, 1985ರ ಜನವರಿಯಲ್ಲಿ, ಸಂಸತ್ತು ಸಂವಿಧಾನಕ್ಕೆ 52ನೇ ತಿದ್ದುಪಡಿ ತಂದಿತು. ಹತ್ತನೇ ಅನುಸೂಚಿ ಹುಟ್ಟಿತು. ನಾವು ಪಕ್ಷಾಂತರ ನಿಷೇಧ ಕಾಯ್ದೆ ಅಂತ ಕರೆಯುವುದು ಅದನ್ನೇ. 1967ರಲ್ಲಿ ಹರಿಯಾಣದ ಗಯಾಲಾಲ್ ಎಂಬ ಶಾಸಕರು ಹದಿನೈದು ದಿನದಲ್ಲಿ ಮೂರು ಸಲ ಪಕ್ಷ ಬದಲಿಸಿದ್ದರು. 'ಆಯಾರಾಮ್ ಗಯಾರಾಮ್' ಎಂಬ ಮಾತು ಬಂದದ್ದು ಅವರಿಂದ. ಆ ರೋಗಕ್ಕೆ ಔಷಧಿಯಾಗಿ ಬಂದ ಕಾನೂನು ಇದು. ರೋಗ ವಾಸಿಯಾಯಿತೇ ಅಂತ ಕರ್ನಾಟಕದಲ್ಲಿ ನಿಂತು ಕೇಳಬಾರದು, 2019ರಲ್ಲಿ 17 ಶಾಸಕರು ಅನರ್ಹರಾದದ್ದು ನಮ್ಮ ವಿಧಾನಸಭೆಯಲ್ಲೇ. ಆದರೆ ಔಷಧಿಯ ಅಡ್ಡಪರಿಣಾಮ ಮಾತ್ರ ಜೋರಾಗಿದೆ. ಪಕ್ಷ ವಿಪ್, ಅಂದರೆ ಹೀಗೇ ಮತ ಹಾಕಿ ಎಂಬ ಆದೇಶ, ಹೊರಡಿಸಿದ ಮೇಲೆ ಸಂಸದರು ಅದಕ್ಕೆ ವಿರುದ್ಧವಾಗಿ ಮತ ಹಾಕಿದರೂ, ಮತ ಹಾಕದೆ ಹೊರಗುಳಿದರೂ, ಪಕ್ಷ ಮನ್ನಿಸದಿದ್ದರೆ ಸದಸ್ಯತ್ವ ಹೋಗಬಹುದು.

ಬ್ರಿಟನ್ನಿನಲ್ಲಿ ಹೀಗಿಲ್ಲ. 2019ರ ಜನವರಿಯಲ್ಲಿ ಪ್ರಧಾನಿ ತೆರೇಸಾ ಮೇ ಅವರ ಬ್ರೆಕ್ಸಿಟ್ ಒಪ್ಪಂದವನ್ನು ಸೋಲಿಸಿದವರಲ್ಲಿ ಅವರದೇ ಪಕ್ಷದ ನೂರಕ್ಕೂ ಹೆಚ್ಚು ಸಂಸದರಿದ್ದರು. ಅದಕ್ಕಾಗಿ ಯಾರ ಸ್ಥಾನವೂ ಹೋಗಲಿಲ್ಲ. ನಮ್ಮಲ್ಲಿ ಒಬ್ಬ ಸಂಸದರು ಎಷ್ಟೇ ಸಜ್ಜನರಿರಲಿ, ಓದಿಕೊಂಡವರಿರಲಿ, ನಿಮ್ಮೂರ ಮದುವೆಗೆಲ್ಲ ಬಂದು ಹೋಗುವವರಿರಲಿ, ಮಸೂದೆ ಮತಕ್ಕೆ ಬಂದಾಗ ಅವರ ಕೈ ಪಕ್ಷದ ಕೈ. ಹಾಗಾಗಿ ವ್ಯಕ್ತಿ ನೋಡಿ ಹಾಕಿದ ವೋಟೂ ಅಲ್ಲಿಗೆ ಹೋಗಿ ಪಕ್ಷದ ವೋಟೇ ಆಗುತ್ತದೆ. ಗೊತ್ತಿದ್ದು ಆ ಪಕ್ಷವನ್ನೇ ಆರಿಸಿದ್ದೀರೋ, ಗೊತ್ತಿಲ್ಲದೆ ಆರಿಸಿದ್ದೀರೋ ಅಷ್ಟೇ ವ್ಯತ್ಯಾಸ.

ಹಾಗಂತ ಅಭ್ಯರ್ಥಿ ಯಾರಾದರೇನು ಎಂದು ಬಿಡುವಂತಿಲ್ಲ. ಪ್ರಶ್ನೋತ್ತರ ವೇಳೆಯಲ್ಲಿ ಏನು ಕೇಳುತ್ತಾರೆ, ಸ್ಥಾಯಿ ಸಮಿತಿಯಲ್ಲಿ ಕೂತು ಎಷ್ಟು ಓದುತ್ತಾರೆ ಎನ್ನುವುದು ಅವರವರ ಯೋಗ್ಯತೆಗೆ ಬಿಟ್ಟದ್ದು. ನಾಮಪತ್ರದ ಜೊತೆಗಿನ ಪ್ರಮಾಣಪತ್ರದಲ್ಲಿ ಆಸ್ತಿ, ಸಾಲ, ಕ್ರಿಮಿನಲ್ ಪ್ರಕರಣ ಎಲ್ಲ ಇರುತ್ತದೆ, ಚುನಾವಣಾ ಆಯೋಗದ ಆ್ಯಪ್‌ನಲ್ಲಿ ಫೋನಿನಲ್ಲೇ ಓದಬಹುದು. ಓದಿ.

ಆದರೆ ಸಂಸದರಿಂದ ರಸ್ತೆ, ಚರಂಡಿ, ಹೈಮಾಸ್ಟ್ ದೀಪ ನಿರೀಕ್ಷಿಸುವವರಿಗೆ ಒಂದು ಸಣ್ಣ ಗಣಿತ. ಸಂಸದರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 5 ಕೋಟಿ ರೂಪಾಯಿ. ಕರ್ನಾಟಕದಲ್ಲಿ ಒಂದೊಂದು ಲೋಕಸಭಾ ಕ್ಷೇತ್ರಕ್ಕೂ ಎಂಟು ವಿಧಾನಸಭಾ ಕ್ಷೇತ್ರ. ಭಾಗಿಸಿದರೆ ವಿಧಾನಸಭಾ ಕ್ಷೇತ್ರವೊಂದಕ್ಕೆ ವರ್ಷಕ್ಕೆ 62.5 ಲಕ್ಷ. ಅದರಲ್ಲಿ ಎಷ್ಟು ಹಳ್ಳಿ ಬರುತ್ತವೆ ಅಂತ ನಿಮ್ಮ ತಾಲ್ಲೂಕನ್ನು ನೆನೆಸಿಕೊಂಡು ನೀವೇ ಎಣಿಸಿ. ಊರ ಚರಂಡಿಯ ಸಿಟ್ಟನ್ನು ಲೋಕಸಭಾ ಚುನಾವಣೆಯಲ್ಲಿ ತೀರಿಸಿಕೊಂಡರೆ, ಚರಂಡಿಯೂ ಸರಿಯಾಗುವುದಿಲ್ಲ, ಲೋಕಸಭೆಯೂ ಸರಿಯಾಗುವುದಿಲ್ಲ.

ಹಾಗಾದರೆ ದಿಲ್ಲಿಯಲ್ಲಿ ಕೂತ ಪಕ್ಷದ ಕೈಯಲ್ಲಿ ನಮ್ಮದು ಏನಿದೆ? ರಕ್ಷಣೆ, ವಿದೇಶಾಂಗ, ನೋಟು, ಬ್ಯಾಂಕು, ರೈಲು, ಇವೆಲ್ಲ ಪಠ್ಯಪುಸ್ತಕದಲ್ಲೇ ಇವೆ. ನಿಮ್ಮ ಮನೆಗೆ ಹತ್ತಿರದ್ದನ್ನು ಹೇಳುತ್ತೇನೆ. ಕೃಷಿ ರಾಜ್ಯದ ವಿಷಯ ಎನ್ನುತ್ತದೆ ಸಂವಿಧಾನ. ಆದರೆ ಹೊರದೇಶದ ಅಡಿಕೆ ಯಾವ ಬೆಲೆಗಿಂತ ಕೆಳಗೆ ಒಳಗೆ ಬರಬಾರದು ಎಂದು ನಿಗದಿ ಮಾಡುವುದು ಕೇಂದ್ರ. ಚೀನಾದ ರೇಷ್ಮೆಗೆ ಎಷ್ಟು ಆಮದು ಸುಂಕ ಎಂಬುದು ರಾಮನಗರ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯನ್ನು ಅಲ್ಲಾಡಿಸುತ್ತದೆ, ಅದನ್ನೂ ನಿರ್ಧರಿಸುವುದು ಕೇಂದ್ರ. ತಿಪಟೂರಿನ ಕೊಬ್ಬರಿಯ ಬೆಂಬಲ ಬೆಲೆ, ಮಂಡ್ಯ-ಬೆಳಗಾವಿಯ ಕಬ್ಬಿಗೆ ಕಾರ್ಖಾನೆ ಕೊಡಲೇಬೇಕಾದ ಕನಿಷ್ಠ ಬೆಲೆಯಾದ ಎಫ್‌ಆರ್‌ಪಿ, ಗೊಬ್ಬರದ ಸಬ್ಸಿಡಿ ಎಲ್ಲವೂ ಅಲ್ಲಿಂದಲೇ. ನೀವು ಬರೆಯುವ ನೀಟ್ ಅಲ್ಲಿಯದು. ರೈಲ್ವೆ, ಬ್ಯಾಂಕು, ಎಸ್‌ಎಸ್‌ಸಿ ಪರೀಕ್ಷೆಗಳನ್ನು ಕನ್ನಡದಲ್ಲಿ ಬರೆಯಬಹುದೇ ಎಂಬುದೂ ಅಲ್ಲೇ ತೀರ್ಮಾನವಾಗುತ್ತದೆ. ಶಿಕ್ಷಣ ಮೊದಲು ರಾಜ್ಯಪಟ್ಟಿಯಲ್ಲಿತ್ತು. 1976ರ 42ನೇ ತಿದ್ದುಪಡಿ, ಅದೂ ತುರ್ತು ಪರಿಸ್ಥಿತಿಯ ಕಾಲದಲ್ಲಿ, ಅದನ್ನು ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಗೆ ದಾಟಿಸಿತು. ಆಮೇಲೆ ಎಷ್ಟೋ ಪಕ್ಷಗಳು ಬಂದು ಹೋದವು, ಯಾರೂ ಅದನ್ನು ವಾಪಸ್ ಕಳಿಸಲಿಲ್ಲ.

ದುಡ್ಡಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಭಾಷಣಗಳಲ್ಲಿ ಅತಿ ಹೆಚ್ಚು ಕಲಸುಮೇಲೋಗರ ಆಗುವುದು ಇದೇ. ಕೇಂದ್ರ ಸಂಗ್ರಹಿಸಿ ರಾಜ್ಯಗಳಿಗೆ ಹಂಚುವ ತೆರಿಗೆಯಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದ ಲೆಕ್ಕದಲ್ಲಿ ಶೇ 4.713 ಇತ್ತು. 15ನೇ ಆಯೋಗದಲ್ಲಿ ಅದು ಶೇ 3.647ಕ್ಕೆ ಇಳಿಯಿತು. "ಕೇಂದ್ರದಿಂದ ಅನ್ಯಾಯ" ಅಂತ ಒಂದು ಪಕ್ಷ, "ಆಯೋಗ ಮಾಡಿದ್ದು, ನಮ್ಮದೇನೂ ಇಲ್ಲ" ಅಂತ ಇನ್ನೊಂದು ಪಕ್ಷ. ಆಯೋಗದ ಸೂತ್ರದಲ್ಲಿ ಶೇ 45ರಷ್ಟು ತೂಕ ಇದ್ದದ್ದು ತಲಾ ಆದಾಯದ ಅಂತರಕ್ಕೆ, ಅಂದರೆ ಆದಾಯ ಕಡಿಮೆ ಇರುವ ರಾಜ್ಯಕ್ಕೆ ಹೆಚ್ಚು ಪಾಲು. ನಮ್ಮ ತಲಾ ಆದಾಯ ಏರಿತ್ತು, ಪಾಲು ಇಳಿಯಿತು. ಜನಸಂಖ್ಯೆಗೆ 2011ರ ಗಣತಿಯನ್ನು ಹಿಡಿದದ್ದು ಕುಟುಂಬ ಯೋಜನೆಯನ್ನು ನೆಟ್ಟಗೆ ಪಾಲಿಸಿದ ದಕ್ಷಿಣದ ರಾಜ್ಯಗಳಿಗೆ ಹೊಡೆತ. ಸೂತ್ರ ಆಯೋಗದ್ದು, ನಿಜ. ಆದರೆ ಆಯೋಗ ಯಾವ ಅಂಶಗಳನ್ನು ಪರಿಗಣಿಸಬೇಕು ಎಂದು ಬರೆದುಕೊಡುವುದು ಕೇಂದ್ರ ಸರ್ಕಾರ. ಹಾಗಾಗಿ ಕೇಳಬೇಕಾದ್ದು ಅನ್ಯಾಯ ಆಯಿತೇ ಇಲ್ಲವೇ ಅಂತಲ್ಲ. ಮುಂದಿನ ಆಯೋಗಕ್ಕೆ ನೀವು ಅಧಿಕಾರದಲ್ಲಿದ್ದರೆ ಏನು ಬರೆದುಕೊಡುತ್ತೀರಿ, ಅದನ್ನು ನಿಮ್ಮ ಪಕ್ಷ ಪಟ್ನಾದಲ್ಲಿ, ಲಖನೌದಲ್ಲಿ ನಿಂತು ಹೇಳುತ್ತದೆಯೇ ಅಂತ ಕೇಳಿ. ಬೆಂಗಳೂರಿನಲ್ಲಿ ಹೇಳುವುದು ಸುಲಭ.

ಪ್ರಣಾಳಿಕೆ ಓದಿ ಎಂದು ಎಲ್ಲರೂ ಹೇಳುತ್ತಾರೆ. ನಾನು ಹೇಳುವುದು, ಹಿಂದಿನ ಚುನಾವಣೆಯ ಪ್ರಣಾಳಿಕೆಯನ್ನು ಮೊದಲು ಓದಿ. ಆಳಿದ ಪಕ್ಷದ್ದಾದರೆ ಮಾಡಿದ್ದೆಷ್ಟು ಅಂತ ಗೊತ್ತಾಗುತ್ತದೆ. ವಿರೋಧ ಪಕ್ಷದ್ದಾದರೆ, ಹೇಳಿದ್ದನ್ನು ಐದು ವರ್ಷ ಸದನದಲ್ಲಿ ನೆನಪಿಟ್ಟುಕೊಂಡರೇ ಎಂದು ನೋಡಬಹುದು. ವಿರೋಧ ಪಕ್ಷಕ್ಕೂ ದಾಖಲೆ ಇರುತ್ತದೆ, ಇದನ್ನು ನಾವು ಮರೆಯುತ್ತೇವೆ. ಯಾವ ಮಸೂದೆಗೆ ತಿದ್ದುಪಡಿ ಸೂಚಿಸಿದರು, ಯಾವುದಕ್ಕೆ ಎದ್ದು ಹೊರಗೆ ಹೋದರು, ಯಾವುದನ್ನು ಸುಮ್ಮನೆ ಬಿಟ್ಟರು, ಇವೆಲ್ಲ ಸಂಸತ್ತಿನ ಜಾಲತಾಣದಲ್ಲಿ ಸಿಗುತ್ತವೆ. ಓದಲು ಬೇಜಾರಾಗುತ್ತದೆ, ಒಪ್ಪುತ್ತೇನೆ. ಎಲ್ಲ ಓದಬೇಕಿಲ್ಲ. ನಿಮ್ಮ ಮನೆಗೆ ತಾಗುವ ಎರಡು ವಿಷಯ ಹಿಡಿದುಕೊಳ್ಳಿ, ಅಡಿಕೆಯೋ, ನೀಟೋ, ಅದನ್ನಷ್ಟೇ ಹುಡುಕಿ. ವಾಟ್ಸ್ಆ್ಯಪ್‌ನಲ್ಲಿ ಬರುವ ಮೂವತ್ತು ಸೆಕೆಂಡಿನ ವಿಡಿಯೊಗಿಂತ ಆ ಎರಡು ಪುಟ ವಾಸಿ.

ಪಕ್ಷದೊಳಗೆ ಯಾರು ತೀರ್ಮಾನಿಸುತ್ತಾರೆ ಎನ್ನುವುದನ್ನೂ ನೋಡಿ. ಕಾನೂನು ನಿಮ್ಮ ಸಂಸದರ ಕೈಯನ್ನು ಪಕ್ಷಕ್ಕೆ ಕೊಟ್ಟಿದೆ ಅಂದಮೇಲೆ, ಆ ಪಕ್ಷ ಯಾರ ಕೈಯಲ್ಲಿದೆ ಅನ್ನುವುದು ದೊಡ್ಡ ಪ್ರಶ್ನೆ. ಎಲ್ಲ ದೊಡ್ಡ ಪಕ್ಷಗಳಲ್ಲೂ ಟಿಕೆಟ್ ಮೇಲಿನಿಂದ ಇಳಿದು ಬರುತ್ತದೆ. 2014ರಲ್ಲಿ ಕಾಂಗ್ರೆಸ್ ದೇಶದ ಕೆಲವೇ ಕ್ಷೇತ್ರಗಳಲ್ಲಿ ಕಾರ್ಯಕರ್ತರಿಂದಲೇ ಮತ ಹಾಕಿಸಿ ಅಭ್ಯರ್ಥಿ ಆರಿಸಿತ್ತು. ನಮ್ಮಲ್ಲಿ ದಕ್ಷಿಣ ಕನ್ನಡ ಮತ್ತು ಬೆಂಗಳೂರು ಉತ್ತರ. ಹಾಗೆ ಆಯ್ಕೆಯಾದ ಇಬ್ಬರೂ ಚುನಾವಣೆಯಲ್ಲಿ ಸೋತರು, ಪ್ರಯೋಗವೂ ಅಲ್ಲಿಗೇ ನಿಂತಿತು. ನನಗೆ ಅದು ಬೇಸರದ ವಿಷಯ. ಸೋತದ್ದಕ್ಕಲ್ಲ, ಆ ಪ್ರಯತ್ನವನ್ನು ಮುಂದುವರಿಸಲಿಲ್ಲವಲ್ಲ ಎನ್ನುವುದಕ್ಕೆ.

"ಸಣ್ಣ ಪಕ್ಷಕ್ಕೆ ಹಾಕಿದರೆ ವೋಟು ವೇಸ್ಟ್" ಎನ್ನುವ ಮಾತಿಗೆ ಬರುತ್ತೇನೆ. ನಮ್ಮ ಪದ್ಧತಿಯಲ್ಲಿ ಕ್ಷೇತ್ರದಲ್ಲಿ ಎಲ್ಲರಿಗಿಂತ ಒಂದು ಮತ ಹೆಚ್ಚು ಬಂದರೂ ಗೆಲುವು, ಅರ್ಧಕ್ಕಿಂತ ಹೆಚ್ಚು ಬೇಕಿಲ್ಲ. 2014ರಲ್ಲಿ ದೇಶದ ಶೇ 31ರಷ್ಟು ಮತ ಪಡೆದ ಬಿಜೆಪಿಗೆ 282 ಸ್ಥಾನ ಬಂತು. ಅದೇ ಚುನಾವಣೆಯಲ್ಲಿ ಶೇ 4ರಷ್ಟು ಮತ ಪಡೆದ ಬಿಎಸ್‌ಪಿಗೆ ಒಂದೂ ಬರಲಿಲ್ಲ. 2024ರಲ್ಲಿ ಕರ್ನಾಟಕದಲ್ಲಿ ಬಿಜೆಪಿಗೆ ಸುಮಾರು ಶೇ 46, ಕಾಂಗ್ರೆಸ್ಸಿಗೆ ಶೇ 45. ಬಿಜೆಪಿ 25 ಕಡೆ ಸ್ಪರ್ಧಿಸಿ 17 ಗೆದ್ದಿತು, ಕಾಂಗ್ರೆಸ್ 28 ಕಡೆ ನಿಂತು 9. ಹೀಗಿರುವಾಗ ವೇಸ್ಟ್ ಎನ್ನುವ ಮಾತು ಪೂರ್ತಿ ಸುಳ್ಳಲ್ಲ. 2019ರಲ್ಲಿ ಚಾಮರಾಜನಗರದಲ್ಲಿ ಗೆಲುವಿನ ಅಂತರ 1,817 ಮತ ಮಾತ್ರ. ಅಂಥ ಕ್ಷೇತ್ರದಲ್ಲಿ ಇಬ್ಬರು ದೊಡ್ಡವರಲ್ಲಿ ಒಬ್ಬರು ಖಂಡಿತ ಬೇಡ ಅಂತ ನಿಮಗಿದ್ದರೆ, ಇನ್ನೊಬ್ಬರಿಗೆ ಹಾಕುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಇಬ್ಬರೂ ಒಂದೇ ಅನ್ನಿಸಿದರೆ ಸಣ್ಣ ಪಕ್ಷಕ್ಕೆ ಹಾಕಿ, ಅದೂ ಲೆಕ್ಕಕ್ಕೆ ಬರುತ್ತದೆ. ಮುಂದಿನ ಸಲ ದೊಡ್ಡವರು ಆ ಮತಗಳ ಹಿಂದೆ ಬರುತ್ತಾರೆ. 'ಇವರಲ್ಲಿ ಯಾರೂ ಬೇಡ' ಎನ್ನುವ ನೋಟಾ ಬಗ್ಗೆ ಮಾತ್ರ ನನಗೆ ಅಷ್ಟು ಭರವಸೆ ಇಲ್ಲ. 2024ರಲ್ಲಿ ಇಂದೋರ್‌ನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ನೋಟಾ ಬಿತ್ತು, ಆದರೂ ಹೆಚ್ಚು ಮತ ಪಡೆದ ಅಭ್ಯರ್ಥಿ ಲೋಕಸಭೆಗೆ ಹೋದರು. ಸಿಟ್ಟು ದಾಖಲಾಯಿತು, ಅಷ್ಟೇ.

ಹಳ್ಳಿಗಳಿಂದ ಬಂದವರಿಗೆ ಒಂದು ಮಾತು. "ಯಾರಿಗೆ ಹಾಕಿದ್ರಿ ಅಂತ ನಮಗೆ ಗೊತ್ತಾಗುತ್ತೆ" ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ. ಯಾರಿಗೆ ಮತ ಬಿತ್ತು ಎಂದು ತೋರಿಸುವ ವಿವಿಪ್ಯಾಟ್ ಯಂತ್ರದ ಚೀಟಿ ಏಳು ಸೆಕೆಂಡು ಕಾಣುವುದು ನಿಮಗೊಬ್ಬರಿಗೇ. ಆದರೆ ಬೂತುವಾರು ಲೆಕ್ಕ ಪ್ರಕಟವಾಗುವುದು ನಿಜ, ನಿಮ್ಮ ಬೂತಿನಲ್ಲಿ ಯಾರಿಗೆ ಎಷ್ಟು ಬಿತ್ತು ಎನ್ನುವುದು ಎಲ್ಲರಿಗೂ ತಿಳಿಯುತ್ತದೆ. ಒಬ್ಬೊಬ್ಬರ ಮತ ಗುಟ್ಟು, ಊರಿನ ಮತ ಗುಟ್ಟಲ್ಲ. ಮತಗಳನ್ನು ಬೆರೆಸಿ ಎಣಿಸುವ ಯಂತ್ರದ ಮಾತು ಬಹಳ ವರ್ಷದಿಂದ ಇದೆ, ಇನ್ನೂ ಜಾರಿಗೆ ಬಂದಿಲ್ಲ.

ಕೊನೆಗೆ, ಮುಂದಿನ ಸಲ ಅಭ್ಯರ್ಥಿ ನಿಮ್ಮ ಬೀದಿಗೆ ಬಂದಾಗ ಕೇಳಲು ಒಂದು ಪ್ರಶ್ನೆ. ಲೋಕಸಭೆಯ 543 ಸ್ಥಾನಗಳಲ್ಲಿ ನಮ್ಮದು 28. ಯಾವ ರಾಜ್ಯಕ್ಕೆ ಎಷ್ಟು ಎನ್ನುವುದು ಇವತ್ತಿಗೂ 1971ರ ಜನಗಣತಿಯ ಮೇಲೆಯೇ ನಿಂತಿದೆ. 1976ರಲ್ಲಿ ಅದನ್ನು ಹಾಗೆಯೇ ಕಟ್ಟಿಹಾಕಿದರು. 2001ರ 84ನೇ ತಿದ್ದುಪಡಿ ಆ ಕಟ್ಟನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದುವರಿಸಿತು. ಜನಸಂಖ್ಯೆಯೊಂದನ್ನೇ ಹಿಡಿದು ಮರುಹಂಚಿದರೆ ಸದನದಲ್ಲಿ ನಮ್ಮ ತೂಕ ಇಳಿಯುತ್ತದೆ, ಉತ್ತರದ ಕೆಲವು ರಾಜ್ಯಗಳದ್ದು ಏರುತ್ತದೆ. ಅಲ್ಲಿಯವರು "ನಮ್ಮ ಒಂದೊಂದು ವೋಟಿಗೆ ನಿಮಗಿಂತ ಕಡಿಮೆ ಬೆಲೆ ಯಾಕೆ" ಅಂತ ಕೇಳುವುದರಲ್ಲೂ ನ್ಯಾಯವಿದೆ. ಮಹಿಳಾ ಮೀಸಲಾತಿಗಾಗಿ 2023ರಲ್ಲಿ ಆದ 106ನೇ ತಿದ್ದುಪಡಿಯನ್ನೂ ಈ ಮರುವಿಂಗಡಣೆಗೇ ಗಂಟುಹಾಕಿದ್ದರು. ಹಾಗಾಗಿ ಅಭ್ಯರ್ಥಿಯನ್ನು ನಿಲ್ಲಿಸಿ ಕೇಳಿ: ಸ್ಥಾನಗಳನ್ನು ಮರುಹಂಚುವ ಮಸೂದೆ ಬಂದ ದಿನ ನಿಮ್ಮ ಪಕ್ಷದ ವಿಪ್ ಯಾವ ಕಡೆ ಇರುತ್ತದೆ? "ಅದನ್ನು ಹೈಕಮಾಂಡ್ ತೀರ್ಮಾನಿಸುತ್ತೆ" ಅಂತ ಅವರು ಹೇಳಿದರೆ, ಬೇಜಾರು ಮಾಡಿಕೊಳ್ಳಬೇಡಿ, ಅವರು ನಿಜವನ್ನೇ ಹೇಳಿದ್ದಾರೆ. ಮುಂದಿನ ಬೀದಿಗೆ ಬರುವ ಇನ್ನೊಂದು ಪಕ್ಷದವರನ್ನೂ ಅದನ್ನೇ ಕೇಳಿ.